ಅಧ್ಯಾಯದ ಮಧ್ಯೆ ಏಳಬಾರದು

ನಗುವಂಥದ್ದು ನಡೆಯಲಿ ಎಂದು ನಾನು ಯಾವ ದೇವರಲ್ಲೂ ಕೇಳಿಕೊಂಡವನಲ್ಲ. ಹರಕೆ ಹೊತ್ತ ಕೆಲಸಗಳು ನಮ್ಮ ಮನೆಯಲ್ಲಿ ನಿಧಾನವಾಗಿಯೇ ಆಗುವುದು. ಇಂಥವು ಮಾತ್ರ ಕರೆಯದೇ ಮೆಟ್ಟಿಲು ಹತ್ತಿ ಬಂದು, ಕೂತು, ಕಾಫಿ ಕುಡಿದೇ ಹೋಗುತ್ತವೆ.

ಹರಕೆಯ ಮಾತು ಬಂತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಮದುವೆ ಆದ ವರ್ಷವೇ ಕಾಶಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮನೆಯವಳಿಗೆ ಮಾತು ಕೊಟ್ಟಿದ್ದೆ. ದೇವರ ಮುಂದೆ ನಿಂತು ಕೊಟ್ಟ ಮಾತು. ಮಗಳನ್ನು ವನಗೂರಿಗೆ ಕೊಟ್ಟು ನಾಲ್ಕು ವರ್ಷವಾಯಿತು. ಮೊದಲ ವರ್ಷ ಮಳೆ ಜಾಸ್ತಿ ಅಂದೆ. ಮರುವರ್ಷ ಕಾಫಿ ಕೊಯ್ಲು ತಡವಾಯಿತು ಅಂದೆ. ಮೂರನೆಯ ವರ್ಷ ಹಸು ಗಬ್ಬವಾಗಿದೆ ಅಂದೆ. ನಾಲ್ಕನೆಯ ವರ್ಷ ನೆಪ ಹುಡುಕುವ ಕಷ್ಟ ಕೊಡದೆ ಭಗವಂತನೇ ನನ್ನ ಕಣ್ಣಿಗೆ ಪೊರೆ ಬರಿಸಿದ. ನಿಜ ಹೇಳಬೇಕೆಂದರೆ ನನಗೆ ದೂರದ ಪ್ರಯಾಣವೆಂದರೆ ಭಯ. ಹಾನುಬಾಳು ದಾಟಿ ಸಕಲೇಶಪುರಕ್ಕೆ ಹೋದರೂ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತದೆ.

ಪೊರೆ ತೆಗೆದ ಡಾಕ್ಟರು ಒಂದು ತಿಂಗಳು ಏನೂ ಓದಬೇಡಿ ಎಂದರು. ದಿನಾ ಸಂಜೆ ಪುರಾಣ ಓದುವವನಿಗೆ ಇದು ಊಟ ಬಿಡಿ ಎಂದ ಹಾಗೆ. ಆಗ ಮಗಳು ಬಂದು ನನ್ನ ಫೋನಿಗೆ ಕೇಳುವ ಪುಸ್ತಕ ಹಾಕಿಕೊಟ್ಟಳು. ಯಾರೋ ಒಬ್ಬ ಲೇಖಕರು ಉತ್ತರ ದೇಶವೆಲ್ಲ ಸುತ್ತಿ, ಹಿಮಾಲಯ, ಕಾಶಿ ಎಲ್ಲ ನೋಡಿ, ದಾರಿಯಲ್ಲಿ ತಾವು ಪಟ್ಟ ಪಾಡನ್ನೆಲ್ಲ ತಮಾಷೆಯಾಗಿ ಬರೆದ ಪ್ರವಾಸಕಥನ. ಅದನ್ನು ಯಾರೋ ಚೆನ್ನಾಗಿ ಓದುತ್ತಾರೆ, ನಾವು ಕೂತು ಕೇಳಿದರಾಯಿತು. “ಇದನ್ನ ಕೇಳಿದ್ಮೇಲಾದ್ರೂ ಅಪ್ಪನಿಗೆ ಹೋಗೋ ಆಸೆ ಬರ್ತದೇನೋ ನೋಡು” ಎಂದು ಅವಳು ಅಡುಗೆಮನೆಯಲ್ಲಿ ತಾಯಿಗೆ ಹೇಳಿದ್ದು ನನಗೂ ಕೇಳಿಸಿತು. ಪೊರೆ ಬಂದಿದ್ದು ಕಣ್ಣಿಗೇ ಹೊರತು ಕಿವಿಗಲ್ಲ.

೧. ಕೇಳಿದವರಿಗೆ ಫಲ

ನಮ್ಮ ತಂದೆಯ ಕಾಲದಿಂದ ಮನೆಯಲ್ಲಿ ಪುರಾಣ ಕೇಳುವುದಕ್ಕೆ ಒಂದು ಕ್ರಮ ಇದೆ. ಕೈಕಾಲು ತೊಳೆದು ಕೂರಬೇಕು. ಪುಸ್ತಕ ವ್ಯಾಸಪೀಠದ ಮೇಲೆ ಇರಬೇಕು. ಅಧ್ಯಾಯದ ಮಧ್ಯೆ ಏಳಬಾರದು, ಮಾತಾಡಬಾರದು. ಯಾರಾದರೂ ಕರೆದರೆ ಕೈ ಎತ್ತಿ ತಡೆಯಬಹುದು, ಅಷ್ಟೆ. ಮುಗಿದ ಮೇಲೆ ಮಂಗಳ ಹಾಡಿ ಏಳುವುದು. ಪುಸ್ತಕ ಕಾಗದದ್ದಾದರೇನು, ಫೋನಿನದ್ದಾದರೇನು, ಸರಸ್ವತಿ ಒಬ್ಬಳೇ ಎಂದುಕೊಂಡು ಮೊದಲ ಸಂಜೆ ಫೋನನ್ನೇ ವ್ಯಾಸಪೀಠದ ಮೇಲೆ ಒರಗಿಸಿದೆ. ಮನೆಯವಳು ದೀಪ ಹಚ್ಚಿ, ಫೋನಿನ ನೆತ್ತಿಯ ಮೇಲೆ ಒಂದು ದಾಸವಾಳ ಇಟ್ಟಳು. ಪಕ್ಕದ ಎಸ್ಟೇಟಿನಲ್ಲಿ ರೈಟರಾಗಿ ಲೆಕ್ಕಪತ್ರ ಬರೆದು ನಿವೃತ್ತರಾದ ನೆರೆಯವರು, ಕಾಶಿಯಾತ್ರೆಯ ಕಥೆಯಂತೆ ಎಂದು ಸ್ನಾನ ಮಾಡಿ ಶಲ್ಯ ಹೊದ್ದು ಬಂದರು.

ಕಥೆ ಶುರುವಾಯಿತು. ಲೇಖಕರು ರೈಲು ಹತ್ತಿದರು. ಸ್ವಲ್ಪ ಹೊತ್ತಿಗೇ ಅವರು ಸ್ಟೇಷನ್ನಿನಲ್ಲಿ ತಿಂದಿದ್ದ ಪೂರಿ ರೈಲಿಗಿಂತ ಜೋರಾಗಿ ಹೊರಟಿತು. ಎದ್ದು ಓಡಿದರೆ ಪಾಯಿಖಾನೆಯ ಬಾಗಿಲು ಒಳಗಿಂದ ಚಿಲಕ. ಒಳಗಿದ್ದವನು ಫೋನಿನಲ್ಲಿ ತನ್ನ ಅಣ್ಣತಮ್ಮಂದಿರ ಪಾಲುಪಟ್ಟಿ ಬಗೆಹರಿಸುತ್ತಿದ್ದಾನೆ. ಪಕ್ಕದ ಬೋಗಿಗೆ ಓಡಿದರೆ ಅಲ್ಲಿ ನೀರಿಲ್ಲ. ಅದರ ಪಕ್ಕದ್ದರಲ್ಲಿ ಏಳು ಜನರ ಸಾಲು.

ಇಲ್ಲಿ ನಾವು ಮೂವರೂ ಕೈಮುಗಿದು ಕೂತಿದ್ದೇವೆ. ಏಳುವಂತಿಲ್ಲ, ಅಧ್ಯಾಯ ನಡೆಯುತ್ತಿದೆ. ನಗುವಂತಿಲ್ಲ, ದೀಪ ಉರಿಯುತ್ತಿದೆ. ರೈಟರು ಕಣ್ಣು ಮುಚ್ಚಿ ಶಿವ ಶಿವ ಅನ್ನುತ್ತಿದ್ದರು. ಭಕ್ತಿಗೋ, ಆ ಮನುಷ್ಯನ ಮೇಲಿನ ಕನಿಕರಕ್ಕೋ ತಿಳಿಯಲಿಲ್ಲ. ಅಂತೂ ಇನ್ನೇನು ಆಗುವುದೆಲ್ಲ ಆಗಿಯೇಹೋಗುತ್ತದೆ ಅನ್ನುವಾಗ ಬಾಗಿಲು ತೆರೆಯಿತು. ಅಧ್ಯಾಯವೂ ಮುಗಿಯಿತು. ಮನೆಯವಳು ಆರತಿ ಎತ್ತಿದಳು.

ರೈಟರು ಆರತಿಯನ್ನು ಕಣ್ಣಿಗೊತ್ತಿಕೊಂಡು ಗಂಭೀರವಾಗಿ ಕೇಳಿದರು: “ಎಲ್ಲ ಸರಿ ಗೌಡ್ರೇ. ಪುರಾಣ ಅಂದ್ಮೇಲೆ ಕೊನೇಲಿ ಕೇಳಿದೋರಿಗೆ ಇಂಥ ಫಲ ಅಂತ ಇರ್ಬೇಕಲ್ಲ. ಇದನ್ನ ಕೇಳಿದ್ದಕ್ಕೆ ಏನು ಫಲ?”

ಮನೆಯವಳು ತಟ್ಟೆ ಕೆಳಗಿಡುತ್ತಾ, “ಎಲ್ಲಿಗೇ ಹೊರಟ್ರೂ ಒಂದ್ಸಲ ಹಿತ್ಲ ಕಡೆ ಹೋಗ್ಬಂದು ಹೊರಡ್ಬೇಕು. ಅದೇ ಫಲ” ಅಂದಳು.

೨. ಹಿಮಾಲಯದ ಉಪಯೋಗ

ಕಣ್ಣು ಸರಿಯಾದ ಮೇಲೂ ಕೇಳುವ ಚಟ ಬಿಡಲಿಲ್ಲ. ಕೊಯ್ಲಿನ ಕಾಲ. ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು ತೋಟಕ್ಕೆ ಹೋಗುತ್ತಿದ್ದೆ.

ಸಂಜೆ ಕಾಫಿ ಹಣ್ಣು ತೂಕ ಹಾಕುವ ಹೊತ್ತು. ಕೊಯ್ಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೊಬ್ಬಳಿದ್ದಾಳೆ. ನಮ್ಮ ತಾಯಿಯ ಕಾಲದಿಂದ ಬರುತ್ತಿರುವವಳು. ಅವಳು ತನ್ನ ಚೀಲವನ್ನು ತಕ್ಕಡಿಗೆ ಏರಿಸಿದಳು. ಅದೇ ಗಳಿಗೆಗೆ ನನ್ನ ಕಿವಿಯೊಳಗೆ ಲೇಖಕರು ಬೆಟ್ಟ ಹತ್ತಲು ಬಾಡಿಗೆ ಕುದುರೆ ಏರಿದ್ದರು. ಕುದುರೆ ಹೋಗಬೇಕಾದ ಕಡೆ ಹೋಗದೆ, ಹಿಂದಿನ ದಿನ ತನಗೆ ಬೆಲ್ಲ ಕೊಟ್ಟಿದ್ದ ಹೋಟೆಲಿಗೆ ಅವರನ್ನು ಹೊತ್ತುಕೊಂಡು ಹೋಯಿತು. ನಾನು ಜೋರಾಗಿ ನಕ್ಕುಬಿಟ್ಟೆ.

ಅವಳು ಚೀಲ ಇಳಿಸಿ ಸೊಂಟದ ಮೇಲೆ ಕೈ ಇಟ್ಟಳು. ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಕುಯ್ದದ್ದು ನಿಮಗೆ ನಗೆಯಾಗಿ ಕಾಣ್ತದಾ ಎಂದು ಶುರು ಮಾಡಿದವಳು, ನನ್ನ ತಾಯಿ ಎಂಥ ಗಂಭೀರ ಹೆಂಗಸಾಗಿದ್ದರು ಅನ್ನುವವರೆಗೂ ಬಂದಳು. ಸತ್ಯ ಹೇಳದೆ ವಿಧಿಯಿರಲಿಲ್ಲ. ಕುದುರೆಯ ಕಥೆ ಹೇಳಿದೆ. “ಹಂಗಾದ್ರೆ ನಮಗೂ ಕೇಳ್ಸಿ. ಒಬ್ರೇ ನಗೋದು ಒಳ್ಳೇದಲ್ಲ ಕಣ್ರೀ” ಅಂದಳು.

ಮಾರನೆಯ ದಿನ ಮಗಳು ಬಿಟ್ಟುಹೋಗಿದ್ದ ಸಣ್ಣ ಸ್ಪೀಕರನ್ನು ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ನೇತುಹಾಕಿದೆ. ಅಲ್ಲಿಂದ ಹೊಸ ತೊಂದರೆ ಹುಟ್ಟಿತು. ಲೇಖಕರು ಕಷ್ಟಕ್ಕೆ ಸಿಕ್ಕಿಕೊಂಡ ಕೂಡಲೇ ಎಲ್ಲರ ಕೈ ನಿಲ್ಲುತ್ತದೆ. ಕುದುರೆ ಹಳ್ಳಕ್ಕಿಳಿದರೆ ಒಂದು ಹಣ್ಣೂ ಬುಟ್ಟಿಗೆ ಬೀಳುವುದಿಲ್ಲ. ಆದರೆ ಅವರು ಹಿಮಾಲಯದ ಶಿಖರ, ಮಂಜು, ಸೂರ್ಯೋದಯ ಎಂದು ವರ್ಣನೆಗೆ ಇಳಿದರೆ ಸಾಕು, ಎಲ್ಲರೂ ಬೇಸರಕ್ಕೆ ಮುಖ ತಿರುಗಿಸಿ ಸರಸರ ಕೊಯ್ಯುತ್ತಾರೆ. ಗುಡ್ಡ, ಮಂಜು ಎಲ್ಲ ನಾವು ದಿನಾ ನೋಡೋದೇ ಅಲ್ವಾ, ಅದರಲ್ಲೇನೈತೆ ಎಂಬುದು ಹಿರಿಯಳ ಅಭಿಪ್ರಾಯ.

ನಾನು ಹೆಚ್ಚು ಓದಿದವನಲ್ಲ, ಆದರೆ ಬೇಸಾಯಗಾರ. ಕೊಯ್ಲು ಮುಗಿಯುವವರೆಗೂ ಬರೀ ಹಿಮಾಲಯವನ್ನೇ ಹಾಕಿಸಿದೆ.

೩. ಸಿಕ್ಕಿದ ಬಸ್ಸು

ಕೊಯ್ಲು ಮುಗಿದ ಮಾರನೆಯ ಬೆಳಿಗ್ಗೆ ಮನೆಯವಳು ಒಳ್ಳೆಯ ಸೀರೆ ಉಟ್ಟು ಜಗುಲಿಯಲ್ಲಿ ನಿಂತಿದ್ದಳು. ಮಳೆ ಇಲ್ಲ, ಕೊಯ್ಲು ಇಲ್ಲ, ಹಸು ಕರು ಹಾಕಿ ಆಯಿತು, ಕಣ್ಣು ಕಾಣುತ್ತದೆ. ಇವತ್ತು ಸಕಲೇಶಪುರದ ಸ್ಟೇಷನ್ನಿಗೆ ಹೋಗಿ ಕಾಶಿಗೆ ಟಿಕೆಟ್ಟು ಮಾಡಿಸೋದೇ ಅಂದಳು. ಫೋನಿನಲ್ಲೇ ಮಾಡಿಸಬಹುದಿತ್ತು. ಆದರೆ ಕೈಗೆ ಕಾಗದ ಕೊಡದ ಟಿಕೆಟ್ಟನ್ನು ನಾನು ನಂಬುವುದಿಲ್ಲ ಎಂದು ಹಿಂದೊಮ್ಮೆ ನೆಪ ಹೇಳಿದ್ದೆ. ಅದು ಈಗ ನನ್ನನ್ನೇ ಹಿಡಿದುಕೊಂಡಿತು. ಕೌಂಟರು ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಬೇಗ ಹೊರಡಿ ಅಂದಳು.

ನಮ್ಮೂರಿಂದ ಹಾನುಬಾಳಿಗೆ ಬಾಡಿಗೆ ಜೀಪು, ಅಲ್ಲಿಂದ ಬಸ್ಸು. ಜೀಪಿನಲ್ಲಿ ಹತ್ತು ಜನ. ಡ್ರೈವರಿಗೆ ನಮ್ಮ ಮರದ ಸ್ಪೀಕರಿನ ಸುದ್ದಿ ಮುಟ್ಟಿತ್ತು. “ಆ ಕುದ್ರೆ ಮೇಷ್ಟ್ರ ಕಥೆ ಹಾಕಿ ಗೌಡ್ರೇ, ನಾವೂ ಕೇಳನ” ಅಂದ. ಲೇಖಕರು ಮೇಷ್ಟ್ರು ಹೇಗಾದರು ಎಂದು ನನಗೂ ಗೊತ್ತಿಲ್ಲ. ಹಾಕಿದೆ.

ಆ ದಿನದ ಅಧ್ಯಾಯದಲ್ಲಿ ಅವರ ಬಸ್ಸು ತಪ್ಪುವುದರಲ್ಲಿತ್ತು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಬಾಯಲ್ಲಿ ಅರ್ಧ ಜಿಲೇಬಿ. ನಿಲ್ಲಿಸಿ ಎಂದು ಕೂಗಲು ಬಾಯಿ ಖಾಲಿಯಿಲ್ಲ. ಜೀಪು ಹಾನುಬಾಳಿನ ಸರ್ಕಲ್ಲಿಗೆ ಬಂದು ನಿಂತಿತು. ಎಂಜಿನ್ ಸದ್ದಿಗೆ ಕೇಳುವುದಿಲ್ಲವೆಂದು ಡ್ರೈವರು ಎಂಜಿನ್ನನ್ನೂ ಆಫ್ ಮಾಡಿದ. ಯಾರೂ ಇಳಿಯಲಿಲ್ಲ. ಎದುರಿಗೇ ಸಕಲೇಶಪುರದ ಬಸ್ಸು ನಿಂತಿತ್ತು. ಮನೆಯವಳು ನನ್ನ ಪಕ್ಕೆ ತಿವಿದಳು. ನಾನು ಅಭ್ಯಾಸಬಲದಿಂದ ಕೈ ಎತ್ತಿ ತಡೆದೆ. ಅವಳು ಒಬ್ಬಳೇ ಇಳಿಯೋಣವೆಂದರೆ ಆಚೆ ಬದಿಯಲ್ಲಿ ಕೂತ ನಾಲ್ಕು ಜನ ಮೊಣಕಾಲು ಅಲ್ಲಾಡಿಸಲಿಲ್ಲ. ಬಸ್ಸಿನ ಕಂಡಕ್ಟರ್ ಎರಡು ಸಲ ಸೀಟಿ ಊದಿ, ಜೀಪಿನ ತುಂಬ ಬೊಂಬೆಗಳ ಹಾಗೆ ಕೂತಿದ್ದ ನಮ್ಮನ್ನು ಒಂದು ಸಲ ನೋಡಿ, ರೈಟ್ ಅಂದ.

ಅಧ್ಯಾಯ ಮುಗಿಯಿತು. ಡ್ರೈವರು ದೊಡ್ಡದಾಗಿ ಉಸಿರು ಬಿಟ್ಟು, “ಸದ್ಯ, ಆ ಪುಣ್ಯಾತ್ಮನಿಗೆ ಕೊನೇಗೂ ಬಸ್ಸು ಸಿಕ್ತು ಬುಡಿ” ಅಂದ.

ಮನೆಯವಳು ಖಾಲಿ ರಸ್ತೆ ನೋಡುತ್ತಾ ಹೇಳಿದಳು: “ಸಿಕ್ದೆ ಇನ್ನೇನು. ನಮ್ದನ್ನೇ ಅವ್ರಿಗೆ ಕೊಟ್ಟು ಕಳ್ಸುದ್ವಲ್ಲ.”

೪. ಏನು ಬಿಟ್ಟಿರಿ?

ಟಿಕೆಟ್ಟು ಆಗಲಿಲ್ಲವೆಂದು ನಾನು ಮೇಲಿಂದ ಬೇಜಾರು ತೋರಿಸಿದೆ. ಒಳಗೆ ಹಗುರವಾಗಿತ್ತು, ದೇವರಿಗೆ ಗೊತ್ತು. ಮನೆಯವಳಿಗೂ ಗೊತ್ತು ಎಂದು ಆಮೇಲೆ ತಿಳಿಯಿತು.

ಅದೇ ವಾರ ಹಾನುಬಾಳಿನಲ್ಲಿ, ಕಾಶಿಗೆ ಹೋಗಿಬಂದವರ ಮನೆಯಲ್ಲಿ ಗಂಗಾಪೂಜೆ. ನಮ್ಮ ಕಡೆ ಕಾಶಿಯಿಂದ ಬಂದವರು ನೆಂಟರಿಷ್ಟರನ್ನು ಕರೆದು, ತಂದ ಗಂಗೆಯನ್ನು ಪೂಜಿಸಿ, ತೀರ್ಥ ಕೊಟ್ಟು ಊಟ ಹಾಕುತ್ತಾರೆ. ಹೋಗಿಬಂದವರಿಗೆ ವಯಸ್ಸು ನೋಡದೆ ಎಲ್ಲರೂ ನಮಸ್ಕಾರ ಮಾಡುತ್ತಾರೆ.

ಊಟಕ್ಕೆ ಕೂತಾಗ ಆ ಮನೆಯ ಯಜಮಾನರು ಕಾಶಿಯ ಗಲ್ಲಿಗಳನ್ನು ವರ್ಣಿಸಲು ಹೊರಟು, ಎಡಕ್ಕೋ ಬಲಕ್ಕೋ ಎಂದು ತಡವರಿಸಿದರು. ನಾನು ಸುಮ್ಮನಿರಬಹುದಿತ್ತು. ಆದರೆ ಆ ಅಧ್ಯಾಯವನ್ನು ಮೂರು ಸಲ ಕೇಳಿದ್ದೆ. “ಎಡಕ್ಕೇ. ಅಲ್ಲಿ ಲಸ್ಸಿ ಅಂಗಡಿ. ಅದರ ಮುಂದೆ ಒಂದು ಗೂಳಿ ಅಡ್ಡ ಮಲಗಿರ್ತದೆ. ಅದು ತಾನಾಗಿ ಎದ್ದರೇ ದಾರಿ, ಇಲ್ಲದಿದ್ದರೆ ದೇವರೇ ಗತಿ” ಅಂದೆ. ಯಜಮಾನರು ಹೌದು ಹೌದು, ಅದೇ ಗೂಳಿ ಎಂದು ಖುಷಿಪಟ್ಟರು. ನನಗೆ ಹುರುಪು ಬಂತು. ದೋಣಿಯವನು ಹೇಗೆ ಮಾತಾಡುತ್ತಾನೆ, ಕೋತಿ ಯಾವ ಮೂಲೆಯಲ್ಲಿ ಕಾದು ಕನ್ನಡಕ ಕಿತ್ತುಕೊಳ್ಳುತ್ತದೆ, ಎಲ್ಲ ಹೇಳಿದೆ. ನಾನು ಹೋಗಿದ್ದೆ ಅನ್ನಲಿಲ್ಲ. ಹೋಗಿಲ್ಲ ಅಂತಲೂ ಅನ್ನಲಿಲ್ಲ.

ಸಾಲಿನ ತುದಿಯಲ್ಲಿ ಆಲೂರು ಕಡೆಯ ಒಬ್ಬ ಅಜ್ಜ ಕೂತಿದ್ದರು, ಎಂಬತ್ತು ದಾಟಿದವರು. ಕೈ ತೊಳೆದು ನೇರ ನನ್ನ ಹತ್ತಿರ ಬಂದು, ನಾನು ಬೇಡ ಅನ್ನುವುದರೊಳಗೆ ಬಗ್ಗಿ ನನ್ನ ಪಾದ ಮುಟ್ಟಿಬಿಟ್ಟರು. ನಾನು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡೆ. ಅಜ್ಜ ನಿಧಾನಕ್ಕೆ ನೆಟ್ಟಗಾಗಿ ಒಂದು ಪ್ರಶ್ನೆ ಕೇಳಿದರು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಒಂದನ್ನು, ಕಾಯಿಯೋ ಹಣ್ಣೋ, ಅಲ್ಲೇ ಬಿಟ್ಟು ಬರಬೇಕು, ಮತ್ತೆ ಮುಟ್ಟಬಾರದು ಎಂಬುದು ಪದ್ಧತಿ.

“ನೀನು ಏನು ಬುಟ್ಟೆ ಕಣಪ್ಪಾ ಕಾಶೀಲಿ? ಬದ್ನೇಕಾಯಾ, ಹಲಸಾ?”

ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದ ಮನೆಯವಳು ತಲೆ ಎತ್ತದೆ ಉತ್ತರ ಕೊಟ್ಟಳು:

“ಕಾಶಿಗೆ ಹೋಗೋದನ್ನೇ ಬಿಟ್ಟವ್ರೆ ಅಜ್ಜಾ.”

೫. ಕಾಶಿ ಬಂತು

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಹೋಗದ ಕಾಶಿಯ ಹೆಸರಿನಲ್ಲಿ ಎಂಬತ್ತರ ಹಿರಿಯರಿಂದ ಕಾಲು ಮುಟ್ಟಿಸಿಕೊಂಡಿದ್ದೆ. ಅಜ್ಜನಿಗೆ ನಾನೇ ಅಡ್ಡಬಿದ್ದು ನಿಜ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಮಾಡಿದ ನಮಸ್ಕಾರ ವಾಪಸ್ ತಗಳಕ್ಕಾಗಕಿಲ್ಲ ಕಣಪ್ಪ. ಹೋಗ್ಬಂದು ಸರಿ ಮಾಡ್ಕೋ” ಅಂದರು.

ಇನ್ನು ನೆಪಕ್ಕೆ ಜಾಗ ಇರಲಿಲ್ಲ. ಮಾರನೆಯ ದಿನವೇ, ಫೋನನ್ನು ಮನೆಯಲ್ಲೇ ಬಿಟ್ಟು ಸಕಲೇಶಪುರಕ್ಕೆ ಹೋಗಿ ಟಿಕೆಟ್ಟು ತಂದೆ. ಮನೆಯವಳು ಆ ಕಾಗದವನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ನಾಲ್ಕು ವರ್ಷ ಅವಳು ಎಷ್ಟು ಆಸೆಯಿಟ್ಟು ಕಾದಿದ್ದಳೆಂದು ನನಗೆ ಸರಿಯಾಗಿ ಗೊತ್ತಾಗಿದ್ದು ಆಗ.

ಪ್ರಯಾಗದವರೆಗೂ ಎಲ್ಲ ಸುಸೂತ್ರ. ಪೂರಿ ಮುಟ್ಟಲಿಲ್ಲ. ಸಂಗಮದಲ್ಲಿ ಸ್ನಾನ ಮುಗಿಸಿ, ಅಲ್ಲಿಂದ ಕಾಶಿಗೆ ಬೇರೆ ರೈಲು ಹತ್ತಿದೆವು. ಆ ರೈಲು ಕಾಶಿಯಲ್ಲಿ ನಿಂತು ಮುಂದಕ್ಕೆ ಹೋಗುವಂಥದ್ದು. ಕಾಶಿ ಹತ್ತಿರವಾದಂತೆ ನನ್ನ ಮನಸ್ಸು ಭಕ್ತಿಯಿಂದ ತುಂಬಿ, ಕಾಶಿಯ ಅಧ್ಯಾಯವನ್ನು ಕೇಳುತ್ತಲೇ ಊರು ಪ್ರವೇಶ ಮಾಡೋಣ ಅನ್ನಿಸಿತು. ಚಪ್ಪಲಿ ಬಿಟ್ಟೆ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದೆ, ಕಿವಿಗೆ ವೈರು ಸಿಕ್ಕಿಸಿ ಕಣ್ಣು ಮುಚ್ಚಿದೆ.

ಗೂಳಿಯ ಭಾಗ ಬಂದಿತ್ತು. ರೈಲು ನಿಂತದ್ದು ಗೊತ್ತಾಯಿತು. ಮನೆಯವಳು ಭುಜ ಅಲುಗಿಸಿದ್ದೂ ಗೊತ್ತಾಯಿತು. ಅಧ್ಯಾಯ ಮುಗಿಯಲು ಇನ್ನೆರಡು ಮಾತು ಇರಬೇಕು. ಕೈ ಎತ್ತಿ ತಡೆದೆ. ರೈಲು ಇಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಎಂದು ಪಕ್ಕದವರು ಹೇಳಿದ್ದರಿಂದ ಅವಳು, ಬರುತ್ತಾರೆ ಬಿಡು ಎಂದು ಎರಡೂ ಬ್ಯಾಗು ಇಳಿಸಿಕೊಂಡಳು. ಎಲ್ಲಿಯಾದರೂ ಮರೆತುಬರುತ್ತೇನೆಂದು ನನ್ನ ಚಪ್ಪಲಿಯನ್ನೂ ಬ್ಯಾಗಿಗೆ ಹಾಕಿಕೊಂಡಳು.

ಗೂಳಿ ಎದ್ದಿತು, ಲೇಖಕರಿಗೆ ದರ್ಶನವಾಯಿತು. ನಾನು ಮನಸ್ಸಿನಲ್ಲೇ ಮಂಗಳ ಹಾಡಿ ಕಣ್ಣು ಬಿಟ್ಟೆ. ಕಿಟಕಿಯಾಚೆ ಗಂಗೆ. ಸಾಲಾಗಿ ಘಾಟುಗಳು, ದೋಣಿಗಳು, ಗೋಪುರಗಳು. ಪುಸ್ತಕದಲ್ಲಿ ಹೇಳಿದ ಹಾಗೇ. ಎರಡೂ ಕೈ ಎತ್ತಿ ಮುಗಿದು, “ನೋಡೇ, ಕಾಶಿ ಬಂತು” ಎಂದು ಪಕ್ಕಕ್ಕೆ ತಿರುಗಿದೆ. ಸೀಟು ಖಾಲಿ. ಕಾಶಿ ಬಂದಿರಲಿಲ್ಲ, ಹೋಗುತ್ತಿತ್ತು. ರೈಲು ಸೇತುವೆಯ ಮೇಲೆ ಗಂಗೆಯನ್ನು ದಾಟುತ್ತಿತ್ತು.

ಕೂಡಲೇ ಅವಳಿಗೆ ಫೋನು ಮಾಡಿದೆ. ಅವಳು ಎತ್ತಿಕೊಂಡು ಕೇಳಿದ ಮೊದಲ ಮಾತು:

“ಅಧ್ಯಾಯ ಮುಗೀತಾ?”

ಗಾಬರಿಯಾಗಬೇಡ ಅಂದೆ. ಅವಳಿಗೆ ಗಾಬರಿಯೇ ಇರಲಿಲ್ಲ. ತಾನು ಕಾಶಿಯಲ್ಲೇ ಇದ್ದೇನೆ, ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೇನೆ, ಟೀ ಮಣ್ಣಿನ ಲೋಟದಲ್ಲಿ ಕೊಟ್ಟಿದ್ದಾರೆ, ಚೆನ್ನಾಗಿದೆ, ನಿಧಾನಕ್ಕೆ ಬನ್ನಿ ಅಂದಳು. ಮುಂದಿನ ಸ್ಟೇಷನ್ನಿನಲ್ಲಿ ಬರಿಗಾಲಲ್ಲಿ ಇಳಿದು, ಬರದ ಹಿಂದಿಯಲ್ಲಿ ಕೈಸನ್ನೆ ಮಾಡಿ, ಒಂದು ಆಟೋದಲ್ಲಿ ಕೋಳಿಮರಿಯ ಹಾಗೆ ಒತ್ತರಿಸಿಕೊಂಡು ವಾಪಸ್ ಬಂದೆ. ಬೇರೆಯವರು ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗುತ್ತಾರೆ. ನಾನು ಮುಳುಗುವ ಮುಂಚೆ ಎರಡು ಸಲ ದಾಟಿದೆ.

ಬೆಂಚಿನ ಮೇಲೆ ಕಾಯುತ್ತಿದ್ದ ಆ ಹೊತ್ತನ್ನು ಮನೆಯವಳು ವ್ಯರ್ಥ ಮಾಡಿರಲಿಲ್ಲ. ತನ್ನ ಫೋನಿನ ಗುಂಡಿ ಒತ್ತಿ ಹಿಡಿದು, ನಡೆದದ್ದನ್ನೆಲ್ಲ ನಿಧಾನವಾಗಿ, ಸ್ವರ ಏರಿಸಿ ಇಳಿಸಿ ಹೇಳಿ, ಆ ಧ್ವನಿಯನ್ನು ಮಗಳಿಗೆ ಕಳಿಸಿದ್ದಳು. “ನಿಮ್ಮಪ್ಪ ಕಾಶಿಗೆ ಬಂದವ್ರೆ ಕಣೇ, ಆದ್ರೆ ಇಳಿದಿಲ್ಲ” ಎಂದು ಶುರುವಾಗುತ್ತದೆ. ನಾಲ್ಕು ವರ್ಷದ ನೆಪಗಳು, ಮಳೆ, ಹಸು, ತಪ್ಪಿದ ಬಸ್ಸು, ಒಂದನ್ನೂ ಬಿಟ್ಟಿರಲಿಲ್ಲ. ಮಗಳು ಅದನ್ನು ತಾನೊಬ್ಬಳೇ ಕೇಳುವುದು ಸರಿಯಲ್ಲವೆಂದು ಊರಿಗೆಲ್ಲ ಕಳಿಸಿದಳು. ಆಮೇಲೆ ಇಬ್ಬರೂ ವಿಶ್ವನಾಥನ ದರ್ಶನಕ್ಕೆ ಹೋದೆವು; ಮನೆಯವಳು ಕಣ್ತುಂಬ ನೋಡಿ, ನನಗಾಗಿಯೂ ಎರಡು ಸಲ ಕೈಮುಗಿದಳು. ನಾವು ಮರಳಿ ಹಾನುಬಾಳಿಗೆ ಬಂದು ಜೀಪು ಹತ್ತಿದಾಗ ಡ್ರೈವರು ಅದನ್ನೇ ಹಾಕಿಕೊಂಡಿದ್ದ. ಕುದುರೆ ಮೇಷ್ಟ್ರನ್ನು ಈಗ ಯಾರೂ ಕೇಳುವುದಿಲ್ಲವಂತೆ.

ನಮ್ಮ ಮನೆಯಲ್ಲೂ ಗಂಗಾಪೂಜೆಯಾಯಿತು. ಆಲೂರಿನ ಅಜ್ಜನಿಗೆ ಜೀಪು ಕಳಿಸಿ ಕರೆಸಿದೆ. ಹಳೆಯ ನಮಸ್ಕಾರವೇ ಸಾಕು, ಈಗ ಸರಿಹೋಯಿತು ಎಂದು ಅವರು ತೀರ್ಥ ತೆಗೆದುಕೊಂಡರು. ಆಮೇಲೆ ಅದೇ ಪ್ರಶ್ನೆ: ಈಗ ಹೇಳಪ್ಪ, ಏನು ಬುಟ್ಟೆ?

“ಅಧ್ಯಾಯದ ಮಧ್ಯೆ ಏಳಬಾರದು ಅನ್ನೋ ನಿಯಮ ಬಿಟ್ಟೆ ಅಜ್ಜಾ” ಅಂದೆ. ಅಜ್ಜ ತಲೆದೂಗಿದರು.

ಅಷ್ಟರಲ್ಲಿ ಅಂಗಳದ ಕಡೆಯಿಂದ ಮನೆಯವಳ ಧ್ವನಿ ದೊಡ್ಡದಾಗಿ ಕೇಳಿಸಿತು. ಅವಳು ಇದ್ದದ್ದು ಅಡುಗೆಮನೆಯಲ್ಲಿ. ಕೊಯ್ಲಿನ ಹಿರಿಯಳು ನಮ್ಮ ಸ್ಪೀಕರನ್ನು ಚಪ್ಪರದ ಕಂಬಕ್ಕೆ ನೇತುಹಾಕಿ ಮನೆಯವಳು ಹೇಳಿದ ಕಾಶಿಯ ಕಥೆ ಹಾಕಿಸಿದ್ದಳು. ಬಂದ ನೆಂಟರು, ರೈಟರು, ಡ್ರೈವರು, ಎಲ್ಲ ಅದರ ಕೆಳಗೆ ಕೂತಿದ್ದರು. ಅಜ್ಜನೂ ಹೋಗಿ ಕೂತರು. ಎಲೆ ಹಾಕಿ ಆಯಿತು, ಅನ್ನ ಬಡಿಸಿ ಆಯಿತು. ಮನೆಯವಳು ಹೊರಗೆ ಬಂದು, ಏಳಿ, ಸಾರು ಆರ್ತದೆ, ಊಟಕ್ಕೆ ಬನ್ನಿ ಎಂದು ಕರೆದಳು. ಸ್ಪೀಕರಿನಲ್ಲಿ ರೈಲು ಆಗತಾನೇ ಕಾಶಿಯಲ್ಲಿ ನಿಂತಿತ್ತು.

ಅಷ್ಟೂ ಜನ ಒಟ್ಟಿಗೆ ಕೈ ಎತ್ತಿ ತಡೆದರು.

ನಿಯಮ ಬಿಟ್ಟು ಬಂದವನು ನಾನೊಬ್ಬನೇ. ಎದ್ದುಹೋಗಿ ಎಲೆಯ ಮುಂದೆ ಕೂತೆ.